ಹಳದಿ ಜ್ವಾಲೆಯ ಲೆಕ್ಕ

ನಾನು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದ ಕಾಲಕ್ಕೆ ರಕ್ತದ ಸೋಡಿಯಂ ನೋಡಲು ನಮಗಿದ್ದದ್ದು ಫ್ಲೇಮ್ ಫೋಟೋಮೀಟರ್ ಒಂದೇ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ಮೇಜಿನ ಕೆಳಗೆ ಗಡಗಡ ಎನ್ನುವ ಕಂಪ್ರೆಸರ್, ನಡುವೆ ನೀಲಿ ಜ್ವಾಲೆ. ಸೀರಂ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೂರು ಪಟ್ಟು ತೆಳುಮಾಡಿ ನಳಿಗೆಗೆ ಹಿಡಿದರೆ ಜ್ವಾಲೆ ಹಳದಿಯಾಗುತ್ತಿತ್ತು. ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ಕಾಣುವುದೂ ಇದೇ ಹಳದಿ. ಅದರ ಪ್ರಖರತೆಯನ್ನು ಫೋಟೋಸೆಲ್ ಅಳೆದು ಅಂಕಿ ಕೊಡುತ್ತಿತ್ತು: ಲೀಟರಿಗೆ 135ರಿಂದ 145 ಮಿಲಿಈಕ್ವಿವಲೆಂಟ್ ಇದ್ದರೆ ಸರಿ.

ಈ ಹಳದಿ ಗೆರೆಯ ಬೆನ್ನು ಹತ್ತಿದವರು ಹೈಡೆಲ್‌ಬರ್ಗ್‌ನ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್. 1860ರ ಸುಮಾರಿಗೆ ಅವರು ಕೋಣೆಯ ಮೂಲೆಯಲ್ಲಿ ಸೋಡಿಯಂ ಕ್ಲೋರೇಟ್ ಸಿಡಿಸಿ, ದೂರದಲ್ಲಿದ್ದ ಜ್ವಾಲೆಯಲ್ಲಿ ಅದರ ಗುರುತು ಕಂಡರು. ಮಿಲಿಗ್ರಾಮಿನ 30 ಲಕ್ಷದ ಒಂದು ಪಾಲೂ ಅಡಗಿ ಕೂರಲಾರದು ಎಂದು ಲೆಕ್ಕ ಹಾಕಿದರು. ಅವರಿಗೆ ಸಂಭ್ರಮ, ನಮಗೆ ಪೀಕಲಾಟ. ಬೆವರಿದ ಬೆರಳು ಟ್ಯೂಬಿಗೆ ತಾಗಿದರೂ ಸಾಕು, ರೀಡಿಂಗ್ ಏರುತ್ತಿತ್ತು.

ಆಸ್ಪತ್ರೆಗಳಿಗೆ ಮಾತ್ರ ಜ್ವಾಲೆ ಬಹಳ ತಡವಾಗಿ ಬಂತು. ಅಲ್ಲಿಯವರೆಗೆ ಜಿಂಕ್ ಯುರೇನಿಲ್ ಅಸಿಟೇಟ್ ಹಾಕಿ, ಗಷ್ಟು ಕೂರಿಸಿ, ಸೋಸಿ ತೂಗಬೇಕಿತ್ತು. ಫಲಿತಾಂಶ ಬರುವಷ್ಟರಲ್ಲಿ ರೋಗಿಯ ಸ್ಥಿತಿಯೇ ಬದಲಾಗಿರುತ್ತಿತ್ತು. 1945ರಲ್ಲಿ ಅಮೆರಿಕದ ಬಾರ್ನ್ಸ್ ಮತ್ತು ಸಂಗಡಿಗರು ಫ್ಲೇಮ್ ಫೋಟೋಮೀಟರಿನ ವಿವರ ಪ್ರಕಟಿಸಿದ ಮೇಲೆ ಕೆಲಸ ನಿಮಿಷಗಳಿಗೆ ಇಳಿಯಿತು.

ಅಳತೆ ತಡವಾದರೂ ತಿಳಿವಳಿಕೆ ಹಳೆಯದು. 1831ರ ಕೊನೆಗೆ ಇಂಗ್ಲೆಂಡಿನಲ್ಲಿ ಕಾಲರಾ ಬಿದ್ದಾಗ 22 ವರ್ಷದ ವೈದ್ಯ ಒ'ಶಾಘ್ನೆಸಿ ರೋಗಿಗಳ ರಕ್ತ ಪರೀಕ್ಷಿಸಿ, ಅದರಿಂದ ನೀರೂ ಲವಣವೂ ಸೋರಿಹೋಗಿವೆ ಎಂದ. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಡಾ. ಥಾಮಸ್ ಲಟ್ಟಾ ಉಪ್ಪುನೀರನ್ನು ನೇರ ರಕ್ತನಾಳಕ್ಕೇ ಹರಿಸಿದರು. ಇಂದಿನ ಸಲೈನ್ ಬಾಟಲಿಯ ಹಿರಿಯಜ್ಜ ಅದು.

ನೀರು ಮತ್ತು ಲವಣ ಎರಡನ್ನೂ ಒ'ಶಾಘ್ನೆಸಿ ಒಟ್ಟಿಗೇ ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ನಮ್ಮ ಕಿಟಕಿಗೆ ಬರುವವರ ಪ್ರಶ್ನೆ ಯಾವತ್ತೂ ಒಂದೇ: "ಅಣ್ಣಾರ, ಅಪ್ಪಗ ಸೋಡಿಯಂ 118 ಐತಂತ. ಉಪ್ಪಿನಕಾಯಿ ತಿನಸಲೇನ್ರಿ?" ಉಪ್ಪು ಕಡಿಮೆ ತಿಂದು ಹೀಗಾಗುವುದು ಅಪರೂಪ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೋ, ಹೃದಯ ಸೋತದ್ದರಿಂದಲೋ, ಮಿದುಳು ಶ್ವಾಸಕೋಶಗಳ ಕಾಯಿಲೆಯಿಂದಲೋ ಒಳಗೆ ನೀರು ಹೆಚ್ಚು ಉಳಿದಿರುತ್ತದೆ. ಸೋಡಿಯಂ 155 ದಾಟಿದ ಮುದುಕರಲ್ಲಿ ಹೆಚ್ಚಾಗಿ ನೀರೇ ಬತ್ತಿರುತ್ತದೆ. "ಡಾಕ್ಟರನ್ನ ಕೇಳ್ರಿ, ನೀವಾಗೇ ಏನೂ ತಿನಸಬ್ಯಾಡ್ರಿ" ಎನ್ನುತ್ತಿದ್ದೆ.

ಯಂತ್ರವೂ ನೀರಿನ ವಿಷಯದಲ್ಲಿ ಮೋಸ ಹೋಗುತ್ತಿತ್ತು. ಕೊಬ್ಬು ವಿಪರೀತ ಏರಿದ ಸೀರಂ ಹಾಲಿನಂತೆ ಬಿಳಿಯಾಗಿರುತ್ತದೆ. ಕೊಬ್ಬು ಜಾಗ ಹಿಡಿದಷ್ಟೂ ನೀರಿಗೆ ಜಾಗ ಕಡಿಮೆ, ಹಾಗಾಗಿ ನೀರಿನಲ್ಲಿ ಸೋಡಿಯಂ ಸರಿಯಿದ್ದರೂ ಅಂಕಿ ಕೆಳಗೆ ತೋರುತ್ತದೆ. ಈಗ ಜ್ವಾಲೆ ಹೋಗಿ ಎಲೆಕ್ಟ್ರೋಡ್ ಬಂದಿದೆ. ಆದರೆ ದೊಡ್ಡ ಅನಲೈಸರ್‌ಗಳಲ್ಲಿ ಬಹಳಷ್ಟು ಇವತ್ತಿಗೂ ಸೀರಂ ಅನ್ನು ತೆಳುಮಾಡಿಯೇ ಅಳೆಯುತ್ತವೆ, ಹಳೆಯ ತಪ್ಪನ್ನೇ ಮಾಡುತ್ತವೆ. ತೆಳುಮಾಡದೆ ಅಳೆಯುವ ಬ್ಲಡ್ ಗ್ಯಾಸ್ ಯಂತ್ರ ಐಸಿಯುನಲ್ಲಿರುತ್ತದೆ. ಬಿಳಿ ಸೀರಂ ಕಂಡರೆ ಸ್ಯಾಂಪಲ್ ಅಲ್ಲಿಗೆ ಕಳಿಸಬೇಕು.