ಹಳೆಯ ಮನೆಯ ಇತಿಹಾಸ ಶೋಧನೆ (ಕಲಬುರಗಿ)

ಹಳೆಯ ಮನೆಯೊಂದನ್ನು ಯಾರು, ಯಾವಾಗ ಕಟ್ಟಿಸಿದರು, ಅದು ಯಾರ ಯಾರ ಕೈ ದಾಟಿ ಬಂತು ಎಂಬುದನ್ನು ಕಾಗದಪತ್ರ, ಕಟ್ಟಡ, ಹಿರಿಯರ ನೆನಪು ಇವುಗಳಿಂದ ಕಂಡುಕೊಳ್ಳುವ ಕೆಲಸ. ಕಲಬುರಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ, ಆಮೇಲೆ ಮೈಸೂರು ರಾಜ್ಯದಲ್ಲಿ ಇತ್ತು. ಹೀಗಾಗಿ ಒಂದೇ ಮನೆಯ ಕಾಗದಗಳು ಬೇರೆ ಬೇರೆ ಭಾಷೆ, ಪಂಚಾಂಗ, ನಾಣ್ಯಗಳಲ್ಲಿ ಹಂಚಿಹೋಗಿರುತ್ತವೆ. ಹಳೇ ಮೈಸೂರಿನ ಕಡೆ ಸಾಕಾಗುವ ಕ್ರಮ ಇಲ್ಲಿ ಸಾಲದು.

ಬಡಾವಣೆಯ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಬೇಳೆ ಮಿಲ್ಲು, ಅಡತಿ ಅಂಗಡಿಗಳ ನೆಹರು ಗಂಜ್ ಆಗಲಿ, ಬೀದರಿನ ಗಾಂಧಿ ಗಂಜ್, ರಾಯಚೂರಿನ ರಾಜೇಂದ್ರ ಗಂಜ್ ಆಗಲಿ ರಾಷ್ಟ್ರನಾಯಕರ ಹೆಸರು ಹೊತ್ತವು. ನಿಜಾಮರ ಕಾಲದ ಖರೀದಿ ಪತ್ರದಲ್ಲಿ ಆ ಹೆಸರನ್ನು ಅರಸಬಾರದು. ಊರಿನ ಹೆಸರು ಸಹ 2014ರವರೆಗೆ ಸರ್ಕಾರಿ ಕಾಗದದಲ್ಲಿ ಗುಲ್ಬರ್ಗಾ. ಬದಲಾಗದೆ ಕೈಹಿಡಿಯುವುದು ಚಕ್ಕುಬಂದಿ. ಉರ್ದು ಪತ್ರಗಳಲ್ಲಿ ಇದು 'ಹುದೂದ್ ಅರ್ಬಾ'; ಮಶ್ರಿಕ್, ಮಗ್ರಿಬ್, ಶುಮಾಲ್, ಜುನೂಬ್ ಎಂದು ಮೂಡಣ, ಪಡುವಣ, ಬಡಗಣ, ತೆಂಕಣ ದಿಕ್ಕಿನ ನೆರೆಯವರನ್ನು ಹೇಳಿರುತ್ತದೆ. ನಮ್ಮ ಮನೆಯ ಪತ್ರ ಕಳೆದುಹೋಗಿದ್ದರೂ ಪಕ್ಕದ ಮನೆಯ ಪತ್ರದ ಒಂದು ಸಾಲಿನಲ್ಲಿ ನಮ್ಮ ಮನೆಯ ಅಂದಿನ ಒಡೆಯನ ಹೆಸರು ಉಳಿದಿರುತ್ತದೆ. ಆದ್ದರಿಂದ ಶೋಧಕರು ಮೊದಲು ಹೋಗಬೇಕಾದದ್ದು ಕಚೇರಿಗಲ್ಲ, ನೆರೆಮನೆಗೆ.

ಇಸವಿಯ ಲೆಕ್ಕ ಎರಡನೆಯ ತೊಡಕು. ನಿಜಾಮ ಸರ್ಕಾರ ಬರೆಯುತ್ತಿದ್ದುದು ಫಸಲಿ ಸನ್. ಕೊನೆಯ ದಶಕಗಳಲ್ಲಿ ಅದು ಅಕ್ಟೋಬರ್ ಆರಂಭದ ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ಡಿಸೆಂಬರ್‌ವರೆಗಿನ ಪತ್ರಕ್ಕೆ 590, ಜನವರಿಯ ನಂತರದ್ದಕ್ಕೆ 591 ಕೂಡಿಸಬೇಕು. ಉದಾಹರಣೆಗೆ, ನಿಜಾಮರ ಆಳ್ವಿಕೆ ಕೊನೆಗೊಳಿಸಿದ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ನಡೆದದ್ದು ಫಸಲಿ 1357ರಲ್ಲಿ. ಬೆಲೆ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲೋ ಬ್ರಿಟಿಷ್ ಭಾರತದ ಕಲ್ದಾರ್‌ನಲ್ಲೋ ಎಂಬುದನ್ನೂ ಗಮನಿಸಬೇಕು. ಸಾಮಾನ್ಯವಾಗಿ ಏಳು ಹಾಲಿ ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಸಮ. ಪತ್ರದ ಭಾಷೆಯನ್ನೂ ನೋಡಬೇಕು: ಸಂಸ್ಥಾನದ ಆಡಳಿತ 1884ರ ಸುಮಾರಿಗೆ ಪಾರ್ಸಿಯಿಂದ ಉರ್ದುವಿಗೆ ಹೊರಳಿತು. ಜಹಗೀರು, ಇನಾಮಿಗೆ ಸಂಬಂಧಿಸಿದ ಮನೆತನವಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದವರೆಗೂ ಹೋಗಬೇಕಾದೀತು.

ನಂತರದ ಕಾಲಕ್ಕೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಮಹಾನಗರ ಪಾಲಿಕೆಯ ಆಸ್ತಿ ವಹಿ, ಸಿಟಿ ಸರ್ವೆ ಇವೆ. ಹೊಲ ಒಡೆದು ನಿವೇಶನವಾದ ಕಡೆ ಸರ್ವೆ ನಂಬರು ಹಿಡಿದು 1954–55ರ ಖಾಸ್ರಾ ಪಹಣಿಗೆ ಹಿಂದಿರುಗಬಹುದು.

1948ರ ಸುತ್ತಮುತ್ತ ಸರಪಳಿ ಕಡಿದುಬಿದ್ದಿದ್ದರೆ ಅವಸರದ ತೀರ್ಮಾನ ಸಲ್ಲದು. ನಿಜಾಮರ ಪರವಾದ ಸಶಸ್ತ್ರ ದಳ ರಜಾಕಾರರ ಹಾವಳಿಯಲ್ಲಿ ಹಿಂದೂ ಕುಟುಂಬಗಳು, ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳು ಮನೆ ಬಿಟ್ಟು ಹೋದದ್ದುಂಟು. ಹೀಗೆ ಹೋದವರ ಹೆಸರನ್ನು ಮನೆಯ ಚರಿತ್ರೆಯಲ್ಲಿ ಬಿಡದೆ ಬರೆಯುವುದು ನ್ಯಾಯ, ಇಂದಿನ ಒಡೆಯರಿಗೆ ಅದು ಮುಜುಗರ ತಂದರೂ.

ಕಟ್ಟಡವೂ ಸಾಕ್ಷಿ ನುಡಿಯುತ್ತದೆ, ಆದರೆ ಎಲ್ಲ ಸಾಕ್ಷಿಯೂ ಸಮವಲ್ಲ. ಶಹಾಬಾದ್ ಪರಸಿ ಹತ್ತಿರದಲ್ಲೇ ಸಿಗುವ ಕಲ್ಲಾದ್ದರಿಂದ ಅದೊಂದರಿಂದಲೇ ಕಾಲ ಹೇಳಲಾಗದು. ತೊಲೆ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ ತಲೆಮಾರುಗಳುದ್ದಕ್ಕೂ ಬಳಕೆಯಲ್ಲಿತ್ತು. ಕಬ್ಬಿಣದ ಗರ್ಡರ್ ಮಾತ್ರ ಹೆಚ್ಚು ನಂಬಿಕಸ್ತ: ಅದರ ಮೈಮೇಲೆ ಟಾಟಾ ಅಥವಾ ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪನಿಯ ಉಬ್ಬಚ್ಚು ಇರಬಹುದು. ಜಮ್ಶೆಡ್‌ಪುರದಲ್ಲಿ ಉಕ್ಕು ತಯಾರಾಗತೊಡಗಿದ್ದು 1912ರಲ್ಲಿ. ಟಾಟಾ ಗುರುತಿನ ಗರ್ಡರ್ ಅದಕ್ಕಿಂತ ಹಳೆಯದಲ್ಲ. ಆದರೂ ಮಾಳಿಗೆ ತೆಗೆದು ಆಮೇಲೆ ಗರ್ಡರ್ ಹಾಕಿಸಿದ್ದಿರಬಹುದು. ಗೋಡೆಯ ವಯಸ್ಸನ್ನು ಬೇರೆಯಾಗಿ ನೋಡಬೇಕು.

ಹುಮನಾಬಾದ್ ಹಾದಿಯ ಕಮಲಾಪುರದಂಥ ಊರುಗಳಲ್ಲಿ ಗಾಂವಠಾಣದೊಳಗಿನ (ಊರಿನ ವಸತಿ ಜಾಗದೊಳಗಿನ) ಮನೆ ಪಹಣಿಯಲ್ಲಿ ಕಾಣಿಸದು. ಅಲ್ಲಿ ಪಂಚಾಯಿತಿಯ ಮನೆಪಟ್ಟಿಯ ಹಿಂದಕ್ಕೆ ಉಳಿಯುವುದು ಕುಲಕರ್ಣಿ ಮನೆತನಗಳ ದಫ್ತರ. ಈ ದಫ್ತರದಲ್ಲಿ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬರುವುದರಿಂದ, ಅದನ್ನು ಓದಬಲ್ಲವರನ್ನು ಮೊದಲೇ ಹುಡುಕಿಕೊಳ್ಳಬೇಕು.