ಮನೆಯಲ್ಲೇ ಕಾರಿನ ಆಯಿಲ್ ಚೇಂಜ್: ಬರೀ ಜಾಕ್ ನಂಬಬೇಡಿ, ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ

ಕಾರಿನ ಎಂಜಿನ್ ಆಯಿಲ್ ಬದಲಿಸೋದು ದೊಡ್ಡ ವಿದ್ಯೆಯೇನಲ್ಲ. ಸಾಮಾನು ಸರಿಯಾಗಿದ್ದರೆ ಮನೆ ಮುಂದೆಯೇ ಒಂದು ಗಂಟೆಯಲ್ಲಿ ಮುಗಿಸಬಹುದು. ಆದರೆ ಎರಡು ಕಡೆ ಹುಷಾರಾಗಿರಬೇಕು: ಕಾರಿನ ಅಡಿಗೆ ಹೋಗುವಾಗ ಮತ್ತು ಹಳೇ ಆಯಿಲ್ ವಿಲೇವಾರಿ ಮಾಡುವಾಗ.

ಯಾವ ಆಯಿಲ್, ಎಷ್ಟು?

ಕಾರಿನ ಜತೆ ಕೊಟ್ಟ ಮ್ಯಾನ್ಯುಯಲ್ ನೋಡಿ. 0ಡಬ್ಲ್ಯೂ-20, 5ಡಬ್ಲ್ಯೂ-30 ಅಂತ ಗ್ರೇಡ್ ಬರೆದಿರುತ್ತೆ, ಅದೇ ತನ್ನಿ. ಸಣ್ಣ ಪೆಟ್ರೋಲ್ ಕಾರುಗಳಿಗೆ ಸುಮಾರು 3 ಲೀಟರ್ ಬೇಕಾಗುತ್ತೆ. ಬಹಳಷ್ಟು ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಲೆಕ್ಕ. ಧೂಳಿನ ರಸ್ತೆಯಲ್ಲೇ ಓಡಾಡುವ ಗಾಡಿಗೆ ಇನ್ನೂ ಬೇಗ ಬದಲಿಸೋದು ಒಳ್ಳೇದು. ಆಯಿಲ್ ಜತೆ ಹೊಸ ಫಿಲ್ಟರ್, ಡ್ರೈನ್ ಬೋಲ್ಟ್ ವಾಷರ್ ಕೂಡ ತನ್ನಿ.

ಕಾರಿನ ಅಡಿಗೆ ಹೋಗೋ ಮುಂಚೆ

ಡಿಕ್ಕಿಯಲ್ಲಿರೋ ಜಾಕ್ ಸ್ಟೆಪ್ನಿ ಹಾಕೋಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂಭಾಗ ಎತ್ತಿದ ಮೇಲೆ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಡೆದು ಹೋಗಬಹುದು, ಬೇಡ. ಸ್ಟ್ಯಾಂಡ್ ಇಲ್ಲವಾದರೆ ಗ್ಯಾರೇಜಿಗೇ ಹೋಗಿ.

ಬದಲಿಸುವ ಕ್ರಮ

1. ಎಂಜಿನ್ 5 ನಿಮಿಷ ಓಡಿಸಿ ಆಫ್ ಮಾಡಿ, 10 ನಿಮಿಷ ಬಿಡಿ. ಬೆಚ್ಚಗಿನ ಆಯಿಲ್ ಸರಾಗವಾಗಿ ಇಳಿಯುತ್ತೆ, ಕುದಿಯೋ ಆಯಿಲ್ ಕೈ ಸುಡುತ್ತೆ. ಗ್ಲೌಸ್ ಹಾಕ್ಕೊಳ್ಳಿ.

2. ಮೇಲಿನ ಆಯಿಲ್ ಕ್ಯಾಪ್ ತೆಗೆದು, ಕೆಳಗೆ ಹಳೇ ಬಾಂಡ್ಲಿ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ.

3. ಹಳೇ ಫಿಲ್ಟರ್ ತೆಗೆಯಿರಿ. ಅದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ ನೋಡಿ. ಅದು ಉಳಿದರೆ ಆಯಿಲ್ ಲೀಕ್ ಗ್ಯಾರಂಟಿ. ಹೊಸ ಫಿಲ್ಟರ್‌ನ ರಿಂಗಿಗೆ ಸ್ವಲ್ಪ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಿ.

4. ಹೊಸ ವಾಷರ್ ಹಾಕಿ ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್. ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತೆ.

5. ಲಾಳಿಕೆ ಇಟ್ಟು, ಹೇಳಿದ ಅಳತೆಗಿಂತ ಸ್ವಲ್ಪ ಕಡಿಮೆ ಸುರಿಯಿರಿ. ಕ್ಯಾಪ್ ಹಾಕಿ ಎಂಜಿನ್ 2 ನಿಮಿಷ ಓಡಿಸಿ. ಆಯಿಲ್ ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡಿ. ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲೆ ಕಾರು ಕೆಳಗಿಳಿಸಿ, 5 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಬಾರದು.

ಉಳಿದ ಕಾರ್ ಆಯಿಲ್ ಬೈಕಿಗೆ ಹಾಕಬೇಡಿ, ಕ್ಲಚ್ ಸ್ಲಿಪ್ ಆಗಬಹುದು.

ಹಳೇ ಆಯಿಲ್, ಖಾಲಿ ಡಬ್ಬಿ

2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿದರೆ ಮಳೆಗಾಲದಲ್ಲಿ ಅದು ಕೆರೆ ಸೇರುತ್ತೆ, ಹಿತ್ತಲಿಗೆ ಸುರಿದರೆ ಬಾವಿ, ಬೋರ್‌ವೆಲ್ ನೀರಿಗೇ ಕುತ್ತು. ಮುಚ್ಚಳ ಇರೋ ಕ್ಯಾನ್‌ಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸಿ ರೀಸೈಕಲ್‌ಗೆ ಕಳಿಸುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರ್‌ಗೆ ಕೊಡಿ. ಅದರ ಜತೆ ನೀರು, ಪೆಟ್ರೋಲ್ ಬೆರೆಸಬೇಡಿ.

ಖಾಲಿ ಡಬ್ಬಿಯನ್ನು ಹಾಗೇ ಗುಜರಿಗೆ ಹಾಕಿದರೆ ಅದರಲ್ಲಿ ನಕಲಿ ಆಯಿಲ್ ತುಂಬಿ ಮಾರುವವರ ಕೈ ಸೇರಬಹುದು. ತೂತು ಮಾಡಿ, ಲೇಬಲ್ ಹರಿದು ಕೊಡಿ. ಆಯಿಲ್ ಮಾರುವ ಅಂಗಡಿಯವರಿಗೂ ಇದು ಅನ್ವಯ.

ಬದಲಿಸಿದ ದಿನಾಂಕ, ಕಿ.ಮೀ. ಬರೆದು ಬಿಲ್ ಇಟ್ಟುಕೊಳ್ಳಿ. ಕಾರು ವಾರಂಟಿಯಲ್ಲಿದ್ದರೆ ಕೈ ಹಾಕುವ ಮುಂಚೆ ಷರತ್ತು ಓದಿ.