ಹಡಗಿನ ಆಸರೆ, ಬಲೆಯ ಮರಳು

ಭೂಪಟದಲ್ಲಿ ಕಾರವಾರದ ಕೊಲ್ಲಿ ಒಂದು ಸಣ್ಣ ಕೊರಕಲಾಗಿ ಮಾತ್ರ ಕಾಣುತ್ತದೆ. ಆದರೂ ಉತ್ತರ ಕನ್ನಡದ ಈಚಿನ ನಾಲ್ಕು ಶತಮಾನಗಳ ಚರಿತ್ರೆಯನ್ನು ಅರಿಯಬಯಸುವವರು ಈ ಕೊಲ್ಲಿಯ ನೆಲ-ನೀರಿನ ವಿನ್ಯಾಸವನ್ನು ಮೊದಲು ತಿಳಿಯಬೇಕೆಂದು ನಾನು ಭಾವಿಸುತ್ತೇನೆ.

ಉತ್ತರದಲ್ಲಿ ಸದಾಶಿವಗಡದ ಗುಡ್ಡ. ಅದರ ಬುಡದಲ್ಲಿ ಕಾಳಿ ನದಿ ಕಡಲನ್ನು ಸೇರುತ್ತದೆ. ದಕ್ಷಿಣದಲ್ಲಿ ಬೆಟ್ಟದ ಸಾಲೊಂದು ನೀರಿನೊಳಕ್ಕೆ ಚಾಚಿ ಭೂಶಿರವಾಗಿದೆ. ನಡುವೆ ಬಾಗಿದ ಮರಳ ದಂಡೆ. ಹೊರಗೆ ಕೂರ್ಮಗಡ, ದೇವಗಡ ದ್ವೀಪಗಳು. ನೈರುತ್ಯ ಮಾರುತದ ಹೊಡೆತವನ್ನು ಭೂಶಿರವು ತಡೆಯುವುದರಿಂದ, ಅದರ ಮಗ್ಗುಲಿನ ಬೈತಖೋಲದಲ್ಲಿ ಮಳೆಗಾಲದಲ್ಲಿಯೂ ಹಡಗುಗಳಿಗೆ ಆಸರೆಯುಂಟು. ನಮ್ಮ ಕರಾವಳಿಯಲ್ಲಿ ಇಂಥ ತಾಣಗಳು ವಿರಳ.

ಈ ಆಸರೆಯನ್ನು ಅರಸಿಯೇ ಪರದೇಶದವರು ಬಂದರು. 1638ರಲ್ಲಿ ಕೋರ್ಟೀನನ ಸಂಘದ ಇಂಗ್ಲಿಷ್ ವರ್ತಕರು ಕಾಳಿಯ ದಂಡೆಯಲ್ಲಿ ಕೋಠಿ ತೆರೆದರು; ಘಟ್ಟದ ಮೆಣಸು, ಬಯಲುಸೀಮೆಯ ಬಟ್ಟೆ ಅವರನ್ನು ಸೆಳೆದಿದ್ದವು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಧಾರವಾಡದ ಹತ್ತಿಗೆ ಬೆಲೆ ಬಂದಾಗ ಬಂದರಿನ ಆಸೆ ಮತ್ತೆ ಚಿಗುರಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು; 1864ರಲ್ಲಿ ದೇವಗಡದಲ್ಲಿ ದೀಪಸ್ತಂಭ ಬೆಳಗಿತು. ಆದರೆ 1880ರ ದಶಕದಲ್ಲಿ ರೈಲುಮಾರ್ಗ ಘಟ್ಟವಿಳಿದದ್ದು ಗೋವೆಯ ಮುರ್ಮಗೋವೆಗೆ. ಕಾರವಾರದ ವ್ಯಾಪಾರ ಸೊರಗಿತು.

ಅದೇ ದಶಕದಲ್ಲಿ, 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಇಲ್ಲಿಯೇ ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಬರೆದರು. ಈಗ ಆ ದಂಡೆಗೆ ಅವರ ಹೆಸರೇ ಇದೆ.

ಇಷ್ಟೇ ಹೇಳಿದರೆ ಚರಿತ್ರೆ ಅರ್ಧವಾಗುತ್ತದೆ. ಹಡಗಿಗೆ ಆಸರೆಯಾದ ಕೊಲ್ಲಿಯೇ ರಂಪಣಿ ಬಲೆಗೂ ನೆಲೆಯಾಗಿತ್ತು. ದೋಣಿಯಲ್ಲಿ ಸಾಗಿ ಬಂಗಡೆ, ತಾರ್ಲೆಗಳ ಹಿಂಡನ್ನು ಸುತ್ತುವರಿದು, ಆ ದೊಡ್ಡ ಬಲೆಯ ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಅದಕ್ಕೆ ಬೇಕಾದದ್ದು ಅಡೆತಡೆಯಿಲ್ಲದ ಉದ್ದನೆಯ ಮರಳು. 1970ರ ದಶಕದಲ್ಲಿ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದು ರಂಪಣಿಯ ಬಲ ಕುಂದಿತು. ಬಳಿಕ ಭೂಶಿರದ ಆಚೆ, ಅರ್ಗಾದಲ್ಲಿ, ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶರಕ್ಷಣೆಗಾಗಿ ಆ ಭಾಗದ ಊರುಗಳು ಮನೆ, ಹೊಲ, ದಂಡೆಗಳನ್ನು ಬಿಟ್ಟುಕೊಟ್ಟವು.

ಆದ್ದರಿಂದ ವಾಣಿಜ್ಯ ಬಂದರಿನ ವಿಸ್ತರಣೆ ಠಾಕೂರರ ಹೆಸರಿನ ದಂಡೆಯತ್ತ ಬಂದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಅವರಿಗೆ ಉಳಿದಿದ್ದ ಮರಳೇ ಅಷ್ಟು.

ಬಂದರು ಬೇಡವೆಂದು ನಾನು ಹೇಳಲಾರೆ; ಬಂದರಿನಿಂದಲೇ ಬೆಳೆದ ಊರು ಅದು. ಆದರೆ ಗುಡ್ಡವಿಲ್ಲದ ಕಡೆ ಕಲ್ಲಿನ ತಡೆಗೋಡೆ ಕಟ್ಟಿ ಹಡಗಿಗೆ ಆಸರೆ ಒದಗಿಸಬಹುದು. ಬಲೆಯೆಳೆಯುವ ದಂಡೆಯನ್ನು ಹಾಗೆ ಬೇರೊಂದು ಕಡೆ ಕಟ್ಟಿಕೊಡಲು ಬರುವುದಿಲ್ಲ. ಕೊಲ್ಲಿಯ ಭವಿಷ್ಯವನ್ನು ನಿರ್ಧರಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.